ಪ್ರೆಸ್ಸಿನ ಎರಡನೆಯ ಗುಂಡಿ

ಕಾರ್ಖಾನೆಗಳ ನಿರೀಕ್ಷಕನಾಗಿ ಪೀಣ್ಯದ ಶೆಡ್ಡುಗಳನ್ನು ಸುತ್ತುತ್ತಿದ್ದ ಕಾಲದಲ್ಲಿ ರಿಜಿಸ್ಟರುಗಳನ್ನು ಕೊನೆಗೆ ನೋಡುವುದು ನನ್ನ ಪದ್ಧತಿಯಾಗಿತ್ತು. ಗೇಟು ದಾಟಿದ ಕೂಡಲೇ ಮ್ಯಾನೇಜರು, "ಬನ್ನಿ ಸಾರ್, ಮೊದಲು ಕಾಫಿ ಆಗಲಿ" ಎಂದು ತಮ್ಮ ಕೋಣೆಗೆ ಕರೆಯುತ್ತಾರೆ. ಪರವಾನಗಿ, ಅನುಮೋದಿತ ನಕ್ಷೆ, ಹಾಜರಿ ಪುಸ್ತಕ ಎಲ್ಲವೂ ಮೇಜಿನ ಮೇಲೆ ಅಚ್ಚುಕಟ್ಟಾಗಿ ಕಾಯುತ್ತಿರುತ್ತವೆ. ಅವನ್ನು ತಿರುವಿಹಾಕುತ್ತಾ ಕುಳಿತರೆ, ಅಷ್ಟರಲ್ಲಿ ಒಳಗೆ ಕೈಗವಸು ಹಂಚಿ, ಮೂಲೆಗೆ ಎಸೆದಿದ್ದ ಗಾರ್ಡುಗಳನ್ನು, ಅಂದರೆ ಕೈ ಒಳಹೋಗದಂತೆ ತಡೆಯುವ ಕವಚಗಳನ್ನು, ಯಂತ್ರಗಳಿಗೆ ಸಿಕ್ಕಿಸಿ ಮುಗಿದಿರುತ್ತದೆ. 1948ರ ಕಾರ್ಖಾನೆಗಳ ಕಾಯ್ದೆಯ 9ನೇ ಸೆಕ್ಷನ್ ಒಳಹೊಕ್ಕು ಪರಿಶೀಲಿಸುವ ಅಧಿಕಾರ ಕೊಟ್ಟಿತ್ತು. ಕಾಫಿ ಮೊದಲೋ ಯಂತ್ರ ಮೊದಲೋ ಎಂಬುದನ್ನು ನಿರೀಕ್ಷಕನ ವಿವೇಕಕ್ಕೇ ಬಿಟ್ಟಿತ್ತು.

ಲೋಹದ ತಗಡು ಕತ್ತರಿಸುವ ಶೆಡ್ಡುಗಳಲ್ಲಿ ಬೆರಳು ಬಲಿ ಬೇಡುವ ಯಂತ್ರವೆಂದರೆ ಪವರ್ ಪ್ರೆಸ್. ತಗಡು ಕತ್ತರಿಸುವ ಅಚ್ಚು, ಅಂದರೆ ಡೈ, ಇಳಿಯುವಾಗ ಎರಡೂ ಕೈ ಹೊರಗಿರಲೆಂದು ಅದಕ್ಕೆ ಎರಡು ಗುಂಡಿ ಇಟ್ಟಿರುತ್ತಾರೆ. ಎರಡನ್ನೂ ಒತ್ತಿದರೆ ಮಾತ್ರ ಅದು ಬಡಿಯಬೇಕು. ನಾನು ಆ ಗುಂಡಿಗಳ ಮೇಲಿನ ಜಿಡ್ಡು ನೋಡುತ್ತಿದ್ದೆ. ಬಲಗಡೆಯದು ಅಂಗೈ ತಾಗಿ ತಾಗಿ ಬಣ್ಣ ಸವೆದು ಹೊಳೆಯುತ್ತಿದ್ದು, ಎಡಗಡೆಯದರ ಸುತ್ತ ಟೇಪಿನ ಅಂಟು ಮೆತ್ತಿಕೊಂಡಿದ್ದರೆ ಕೇಳಲು ಬೇರೇನೂ ಉಳಿಯುವುದಿಲ್ಲ: ಅದನ್ನು ಒತ್ತಿ ಕಟ್ಟಿಟ್ಟು ಒಂದೇ ಕೈಯಲ್ಲಿ ಯಂತ್ರ ಓಡಿಸುತ್ತಾರೆ. ಪ್ರತಿ ಬಾರಿಯೂ ಎರಡನ್ನೂ ಬಿಟ್ಟು ಮತ್ತೆ ಒತ್ತಲೇಬೇಕಾದ ಹೊಸ ನಿಯಂತ್ರಕಗಳಲ್ಲಿ ಈ ಆಟ ನಡೆಯುವುದಿಲ್ಲ. ಹಳೆಯ ಪ್ರೆಸ್ಸುಗಳಲ್ಲಿ ಸಲೀಸಾಗಿ ನಡೆಯುತ್ತದೆ.

ಮ್ಯಾನೇಜರು ಪಕ್ಕದಲ್ಲಿದ್ದಾಗ ಕೇಳಿದರೆ, "ಯಾವತ್ತೂ ಕಟ್ಟಿಲ್ಲ ಸಾರ್" ಎಂಬುದೊಂದೇ ಉತ್ತರ. ಅವರನ್ನು ಏನಾದರೂ ಕಾಗದ ತರಲು ಕಳುಹಿಸಿ, "ಹೇಳಪ್ಪಾ, ನಿನ್ನ ಮೇಲೆ ಏನೂ ಬರೆಯುವುದಿಲ್ಲ" ಎಂದರೆ ಪ್ರೆಸ್ ಓಡಿಸುವ ಹುಡುಗ ಆಚೀಚೆ ನೋಡಿ ಬಾಯಿಬಿಡುತ್ತಿದ್ದ: "ಎರಡು ಕೈ ಬಳಸಿದರೆ ಲೆಕ್ಕ ಮುಟ್ಟುವುದಿಲ್ಲ ಸಾರ್."

ಆದ್ದರಿಂದ ನಾನು ಆಸಕ್ತಿಯಿಂದ ಓದುತ್ತಿದ್ದ ದಾಖಲೆ ಒಂದೇ, ಅದೂ ಕಾಯ್ದೆಯ ಪಟ್ಟಿಯಲ್ಲಿ ಇಲ್ಲದ್ದು: ಪಾಳಿಯ ಉತ್ಪಾದನಾ ಗುರಿಯ ಹಾಳೆ. ಗುಂಡಿ ಎರಡನ್ನೂ ಒತ್ತಿ ಕೆಲಸ ಮಾಡಲು ಹೇಳಿ, ಒಂದು ಬಿಡಿಭಾಗಕ್ಕೆ ಎಷ್ಟು ಸೆಕೆಂಡು ಹಿಡಿಯುತ್ತದೆಂದು ಗಡಿಯಾರ ನೋಡಿಕೊಂಡು ಗಂಟೆಯ ಲೆಕ್ಕ ಹಾಕುತ್ತಿದ್ದೆ. ಹಾಳೆಯಲ್ಲಿರುವ ಅಂಕಿ ಅದನ್ನು ಮೀರಿದ್ದರೆ, ಗುಂಡಿ ಕಟ್ಟಿಸಿದವನು ಆ ಅಂಕಿ ಬರೆದವನೇ. ಭೋಪಾಲ ದುರಂತದ ಬಳಿಕ 1987ರ ತಿದ್ದುಪಡಿ ಸೇರಿಸಿದ 7ಎ ಸೆಕ್ಷನ್ ಕಾರ್ಮಿಕರ ಸುರಕ್ಷತೆಯ ಹೊಣೆಯನ್ನು ಮಾಲೀಕನ ಹೆಗಲಿಗೇ ಹಾಕಿತ್ತು. "ಹುಡುಗರು ಮಾತು ಕೇಳುವುದಿಲ್ಲ ಸಾರ್" ಎಂಬ ರಾಗಕ್ಕೆ ನಾನು ಕಿವಿಗೊಡದಿದ್ದುದು ಆ ಬಲದಿಂದ. ನೋಟಿಸಿನಲ್ಲಿ ಗಾರ್ಡಿನ ಜೊತೆಗೆ ಗುರಿಯ ಲೆಕ್ಕವನ್ನೂ ನಮೂದಿಸುತ್ತಿದ್ದೆ. ಕೆಲವು ಮಾಲೀಕರಿಗೆ ದಂಡಕ್ಕಿಂತ ಆ ಸಾಲೇ ಹೆಚ್ಚು ಚುಚ್ಚುತ್ತಿತ್ತು.

ಗುತ್ತಿಗೆ ಕಾರ್ಮಿಕರ ಹೆಸರು ಎಷ್ಟೋ ಕಡೆ ಹಾಜರಿಯಲ್ಲಿ ಇರುವುದಿಲ್ಲ. ಗೋಡೆಯ ಮೊಳೆಗಳಿಗೆ ತೂಗುಹಾಕಿದ ಊಟದ ಚೀಲಗಳನ್ನು ಎಣಿಸಿದರೆ ಸುಳ್ಳು ಸಿಕ್ಕಿಬೀಳುತ್ತದೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತೆಗೆಸಲು ಹೋದರೆ ಬೀಗದ ಕೈ ರಾತ್ರಿ ಪಾಳಿಗೆ ಬಾರದ ಅಧಿಕಾರಿಯ ಬಳಿ. ಗಾರ್ಮೆಂಟ್ಸ್‌ಗಳಲ್ಲಿ ಶಿಶುವಿಹಾರದ ಕೋಣೆ, ಆಟಿಕೆ ಎಲ್ಲ ಇರುತ್ತದೆ. 30ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಇರಲೇಬೇಕೆಂದು ಆ ಕಾಯ್ದೆ ಹೇಳಿತ್ತಲ್ಲ. ಆಟಿಕೆಗಳ ಪ್ಲಾಸ್ಟಿಕ್ ಹೊದಿಕೆ ಮಾತ್ರ ಹರಿದಿರುವುದಿಲ್ಲ. ಇನ್ನು ಎಚ್ಚರಿಕೆಯ ಫಲಕಗಳು: ಒಡಿಶಾ, ಬಿಹಾರದ ಹುಡುಗರೇ ತುಂಬಿರುವ ಶೆಡ್ಡಿನಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ. ಅವು ನಮ್ಮ ಕಣ್ಣಿಗೆ ಬೀಳಲೆಂದೇ ತೂಗುಹಾಕಿದವು.

ಮರುಭೇಟಿಯ ದಿನ ಮುಂಚಿತವಾಗಿ ಹೇಳುತ್ತಿರಲಿಲ್ಲ. ಸಾಧ್ಯವಾದರೆ ಎರಡನೇ ಪಾಳಿಯಲ್ಲಿ ಹೋಗುತ್ತಿದ್ದೆ. ಆಗ ಗಾರ್ಡನ್ನಲ್ಲ, ಅದನ್ನು ಹಿಡಿದಿರುವ ಬೋಲ್ಟುಗಳನ್ನು ನೋಡಬೇಕು. ತಂತಿ ಸುತ್ತಿ ಕಟ್ಟಿದ್ದರೆ ಅದು ನನಗಾಗಿ ಕೂರಿಸಿದ್ದು. ಸ್ಪ್ಯಾನರ್ ಹಾಕಿ ಬಿಗಿದಿದ್ದು, ಬೋಲ್ಟಿನ ತಲೆಯ ಮೇಲೆ ವಾರಗಳ ಎಣ್ಣೆ, ಧೂಳು ಕೂತಿದ್ದರೆ ಆ ಕಲಂ ಮುಗಿಯಿತೆಂದು ಷರಾ ಬರೆದು, ಆಮೇಲೆ ರಿಜಿಸ್ಟರು ತರಲು ಹೇಳುತ್ತಿದ್ದೆ.