ಮಾರ್ಗಿಟ್‌ನ ಕೋಲು ಇಳಿಯುವವರೆಗೆ ಕಾದು ಗೆದ್ದದ್ದು

ಎಲ್ಡನ್ ರಿಂಗ್ ಎಂಬ ವಿಡಿಯೊ ಗೇಮ್ ಆಡುವವರಲ್ಲಿ ಅನೇಕರು ಮೊದಲು ಕಂಗೆಡುವುದು ಸ್ಟಾರ್ಮ್‌ವೇಲ್ ಕೋಟೆಯ ಮುಂದಿನ ಸೇತುವೆಯಲ್ಲಿ. ಅಲ್ಲಿ ದಾರಿಗಡ್ಡ ನಿಲ್ಲುವ ಬಾಸ್, ಅಂದರೆ ಗೆದ್ದೇ ಮುಂದೆ ಹೋಗಬೇಕಾದ ದೊಡ್ಡ ಶತ್ರು ಮಾರ್ಗಿಟ್, ಆತುರಗಾರರನ್ನು ಹೊಡೆಯಲೆಂದೇ ಹುಟ್ಟಿದಂತಿದ್ದಾನೆ. ಎತ್ತಿದ ಕೋಲನ್ನು ಅವನು ತಕ್ಷಣ ಬೀಸುವುದಿಲ್ಲ. ತಲೆಯ ಮೇಲೆ ಹಿಡಿದು ತಡೆಯುತ್ತಾನೆ. ಹೆದರಿ, ತಪ್ಪಿಸಿಕೊಳ್ಳಲೆಂದು ನೆಲದ ಮೇಲೆ ಉರುಳಿದವರು ಎದ್ದು ನಿಲ್ಲುವ ಹೊತ್ತಿಗೆ ಸರಿಯಾಗಿ ಇಳಿಸುತ್ತಾನೆ. ಇದು ಅನ್ಯಾಯ ಎನ್ನುವವರಿದ್ದಾರೆ. ಇಡೀ ಆಟದಲ್ಲಿ ಇಷ್ಟು ಚೆನ್ನಾಗಿ ಕಲಿಸುವ ಬಾಸ್ ಇನ್ನೊಬ್ಬನಿಲ್ಲ ಎಂಬುದು ನನ್ನ ಅಭಿಪ್ರಾಯ.

ಸಿದ್ಧತೆ ಹೆಚ್ಚೇನೂ ಇರಲಿಲ್ಲ. ಸಮುರಾಯ್ ಆಗಿ ಆಟ ಆರಂಭಿಸಿದ್ದರಿಂದ ಉಚಿಗತಾನ ಕತ್ತಿ ಕೈಯಲ್ಲಿತ್ತು. ಆಟ ಶುರುವಾಗುವ ಪ್ರದೇಶವಾದ ಲಿಮ್‌ಗ್ರೇವ್‌ನ ಗಣಿಯಲ್ಲಿ ಸಿಗುವ, ಆಯುಧದ ಬಲ ಹೆಚ್ಚಿಸುವ ಸ್ಮಿದಿಂಗ್ ಕಲ್ಲುಗಳನ್ನು ಬಳಸಿ, 'ಚರ್ಚ್ ಆಫ್ ಎಲ್ಲೆ'ಯಲ್ಲಿರುವ ಕಮ್ಮಾರನ ಅಡಿಗಲ್ಲಿನಲ್ಲಿ ಅದನ್ನು +3ಕ್ಕೆ ಏರಿಸಿದೆ. ಆ ಕತ್ತಿಯ ಏಟಿಗೆ ರಕ್ತಸ್ರಾವದ ಗುಣವಿದೆ, ಮಾರ್ಗಿಟ್‌ಗೆ ಅದು ಚೆನ್ನಾಗಿಯೇ ತಾಗುತ್ತದೆ. ಹೊತ್ತ ಭಾರ ಶೇ 70 ದಾಟದಂತೆ ರಕ್ಷಾಕವಚ ಆರಿಸಿದೆ. ದಾಟಿದರೆ ಉರುಳುವುದು ನಿಧಾನವಾಗಿ, ಕಲಿತದ್ದೆಲ್ಲ ವ್ಯರ್ಥವಾಗುತ್ತದೆ. ಅವನನ್ನು ಕಟ್ಟಿಹಾಕುವ ಸಂಕೋಲೆಯೊಂದನ್ನು ಮರ್ಕ್‌ವಾಟರ್ ಗುಹೆಯ ವ್ಯಾಪಾರಿ ಪ್ಯಾಚಸ್ 5,000 ರೂನ್‌ಗಳಿಗೆ (ಆಟದೊಳಗಿನ ಹಣ) ಮಾರುತ್ತಾನೆ. ನಾನು ಕೊಳ್ಳಲಿಲ್ಲ. ಅದು ಕಾಳಗದ ಮೊದಲ ಹಂತದಲ್ಲಷ್ಟೇ ಕೆಲಸಕ್ಕೆ ಬರುತ್ತದೆ, ನನಗೋ ಅವನ ಲಯ ಕಲಿಯಲು ಆ ಮೊದಲ ಹಂತವೇ ಬೇಕಾಗಿತ್ತು.

ಒಳಹೊಕ್ಕ ಮೇಲೆ ಮೊದಲ ಕೆಲವು ಸುತ್ತುಗಳಲ್ಲಿ ಅವನಿಗೆ ಏಟು ಹಾಕುವ ಯೋಚನೆಯನ್ನೇ ಬಿಟ್ಟು ಬರೀ ತಪ್ಪಿಸಿಕೊಳ್ಳುವುದನ್ನು ಅಭ್ಯಾಸ ಮಾಡಿದೆ. ಸತ್ತರೂ, ಮತ್ತೆ ಜೀವ ಪಡೆದು ಏಳುವ ಜಾಗವಾದ ಮಾರಿಕಾ ಕಂಬ ಪಕ್ಕದಲ್ಲೇ ಇರುವುದರಿಂದ ಮರಳಿ ಬರುವುದು ಕ್ಷಣದ ಕೆಲಸ. ನೋಡಬೇಕಾದದ್ದು ಕೋಲನ್ನಲ್ಲ, ಅದನ್ನು ಹಿಡಿದ ತೋಳನ್ನು. ತೋಳು ಮೇಲೆ ನಿಂತಿರುವಷ್ಟು ಹೊತ್ತು ಬಟನ್ ಮುಟ್ಟಬಾರದು. ಭುಜ ಮುಂದಕ್ಕೆ ಬಾಗಿ ಕೈ ಕೆಳಗಿಳಿಯಲು ಶುರುವಾದಾಗ ಅವನ ಕಡೆಗೇ ಉರುಳಬೇಕು. ಹಿಂದಕ್ಕೆ ಉರುಳಿದರೆ ಕೋಲಿನ ತುದಿ ತಾಗುತ್ತದೆ. ಮುಂದಕ್ಕೆ ಉರುಳಿದರೆ ಕೋಲು ನಮ್ಮ ಬೆನ್ನ ಹಿಂದೆ ನೆಲಕ್ಕೆ ಬಡಿಯುತ್ತದೆ, ಅವನ ಪಕ್ಕೆ ನಮ್ಮ ಕತ್ತಿಗೆ ಸಿಗುತ್ತದೆ.

ಆಗಲೂ ಆಸೆಪಡಬಾರದು. ಅಂಟಿಕೊಂಡು ನಿಂತವರನ್ನು ಅವನು ಎಡಗೈಯಲ್ಲಿ ಹೊಳೆಯುವ ಚಿನ್ನದ ಬಣ್ಣದ ಕಿರುಗತ್ತಿಯಿಂದ ಸೀಳುತ್ತಾನೆ, ಹಿಂದೆ ನಿಂತವರಿಗೆ ಬಾಲದ ಏಟು. ಆದ್ದರಿಂದ ಒಂದೇ ಏಟು ಹಾಕಿ ಸರಿಯುತ್ತಿದ್ದೆ. ಕೋಲು ನೆಲಕ್ಕೆ ಜೋರಾಗಿ ಬಡಿದಾಗ ಮಾತ್ರ ಎರಡೂ ಕೈಗಳಲ್ಲಿ ಕತ್ತಿ ಹಿಡಿದು ಹಾರಿ ಬಲವಾಗಿ ಹೊಡೆಯುತ್ತಿದ್ದೆ. ಆ ಹಾರುಹೊಡೆತಗಳು ಸಾಕಷ್ಟು ಸೇರಿದರೆ ಅವನ ನಿಲುವು ಮುರಿದು ಕುಸಿಯುತ್ತಾನೆ, ಎದುರಿಗೆ ಹೋಗಿ ದೊಡ್ಡ ತಿವಿತ ಕೊಡಬಹುದು. ಆ ಕ್ಷಣದ ಖುಷಿಯೇ ಬೇರೆ.

ಔಷಧಿ ಕುಡಿಯುವಾಗ ಎಚ್ಚರ. ದೂರ ಓಡಿ ಕುಡಿಯಹೋದರೆ ಅದನ್ನು ಕಂಡವನಂತೆ ಕಿರುಗತ್ತಿ ಎಸೆಯುತ್ತಾನೆ. ಆಟದಲ್ಲಿ ಸಿಗುವ ಮಾಟಗಾತಿ ರೆನ್ನಾ ಕೊಟ್ಟ ಗಂಟೆ ಬಾರಿಸಿ ಕರೆದ ಮೂರು ತೋಳಗಳು ಅವನನ್ನು ಸುತ್ತಿಕೊಂಡಿದ್ದಾಗಲೇ ನಾನು ಕುಡಿಯುತ್ತಿದ್ದದ್ದು. ತೋಳಗಳಿಂದ ನನಗಾದ ದೊಡ್ಡ ಉಪಕಾರ ಅವುಗಳ ಕಡಿತವಲ್ಲ, ಕುಡಿಯಲು ಸಿಕ್ಕ ಆ ಬಿಡುವು.

ಎರಡನೇ ಹಂತದಲ್ಲಿ ಹೊಳೆಯುವ ಸುತ್ತಿಗೆ ಬರುತ್ತದೆ. ಅದನ್ನು ಹಿಡಿದು ಮೇಲಕ್ಕೆ ನೆಗೆದಾಗ ಕಾಲು ಹಿಂದಕ್ಕೆ ಎಳೆಯುವುದು ಸಹಜ, ಆದರೆ ಇಲ್ಲಿಯೂ ಮುಂದಕ್ಕೇ ಉರುಳಬೇಕು. ಅವನು ಇಳಿಯುವಷ್ಟರಲ್ಲಿ ನಾವು ಅವನ ಅಡಿಯಿಂದ ಆಚೆ ಇರುತ್ತೇವೆ. ಗೆದ್ದ ಸಲ ಅಂಥದೇ ಒಂದು ನೆಗೆತದ ನಂತರ ಹಾರಿ ಹೊಡೆದ ಏಟಿಗೆ ರಕ್ತಸ್ರಾವವೂ ಸೇರಿ ಅವನ ಹೆಲ್ತ್ ಬಾರ್ ಬರಿದಾಯಿತು. 12,000 ರೂನ್‌ಗಳ ಜೊತೆಗೆ ಇನ್ನೊಂದು ತಾಯಿತ ಧರಿಸಲು ಅವಕಾಶ ಕೊಡುವ ಚೀಲವೂ ಸಿಕ್ಕಿತು. ಕೋಟೆಯೊಳಗೆ ಮುಂದಿನ ಬಾಸ್ ಗಾಡ್ರಿಕ್ ಕಾಯುತ್ತಿದ್ದ. ರೂನ್‌ಗಳನ್ನು ಕೂಡಲೇ ಜೀವಶಕ್ತಿಗೆ ಸುರಿದು ಒಳಕ್ಕೆ ನಡೆದೆ.