ಬಿಟ್ಟ ಮೀನು ಮರೆಯುವುದಿಲ್ಲ

ಗಾಳಕ್ಕೆ ಬಿದ್ದ ಮೀನನ್ನು ಮತ್ತೆ ನೀರಿಗೆ ಬಿಟ್ಟರೆ ಅಲ್ಲಿಗೆ ಮುಗಿಯಿತು ಅಂತ ಬಹಳ ವರ್ಷ ನಂಬಿಕೊಂಡಿದ್ದೆ. ಆ ನಂಬಿಕೆ ಅಲ್ಲಾಡಿಸಿದ್ದು ಒಂದು ಗೆಂಡೆ ಮೀನು. ಬೆನ್ನಿನ ರೆಕ್ಕೆಯ ಕೆಳಗೆ ಅದಕ್ಕೆ ಮೂರು ಹುರುಪೆ ಉದುರಿತ್ತು, ಹಾಗಾಗಿ ಗುರುತು ತಪ್ಪುವಂತಿರಲಿಲ್ಲ.

ಮೊದಲ ಸಲ ಹಿಟ್ಟಿನ ಉಂಡೆಗೆ ಸೀದಾ ಬಾಯಿ ಹಾಕಿ ಸಿಕ್ಕಿಬಿದ್ದಿತ್ತು. ಬಿಟ್ಟ ಎರಡು ವಾರಕ್ಕೆ ಅದೇ ಜಾಗದಲ್ಲಿ, ಮೊಣಕಾಲುದ್ದದ ತಿಳಿನೀರಿನಲ್ಲಿ ಮತ್ತೆ ಕಂಡಿತು. ಸುತ್ತ ಗಾಳವಿಲ್ಲದ ಉಂಡೆಗಳನ್ನೂ ಎಸೆದಿದ್ದೆ. ಪ್ರತಿಯೊಂದರ ಮುಂದೆಯೂ ನಿಂತು, ತುಟಿ ಚಾಚಿ ಒಳಕ್ಕೆಳೆದು, ತಕ್ಷಣ ಹೊರಕ್ಕೆ ಊದುತ್ತಿತ್ತು. ಮತ್ತೆ ಎಳೆದು, ಆಮೇಲಷ್ಟೇ ನುಂಗುವುದು. ಗಾಳವಿದ್ದ ಉಂಡೆಯನ್ನೂ ಹಾಗೇ ಎಳೆದು ಊದಿತು, ಆದರೆ ಎರಡನೇ ಸಲ ಮುಟ್ಟಲಿಲ್ಲ. ಬೆಂಡು ಕದಲಲೇ ಇಲ್ಲ! ಬೆಂಡನ್ನಷ್ಟೇ ನೋಡುತ್ತಿದ್ದರೆ ಇವತ್ತು ಮೀನೇ ಇಲ್ಲ ಅಂದುಕೊಂಡು ಎದ್ದು ಬರುತ್ತಿದ್ದೆ.

ಆಮೇಲೆ ಓದಲು ಕೂತೆ. ನೆದರ್ಲೆಂಡ್ಸ್‌ನ ಸಂಶೋಧಕ ಬ್ಯೂಕೆಮಾ 1970ರಲ್ಲೇ ಪೈಕ್ ಎಂಬ ಬೇಟೆಗಾರ ಮೀನುಗಳ ಬಗ್ಗೆ ಇದನ್ನು ಬರೆದಿದ್ದಾರೆ. ತಿರುಗುವ ಲೋಹದ ಹುಸಿ ಎರೆಯಾದ ಸ್ಪಿನ್ನರ್‌ಗೆ ಒಮ್ಮೆ ಸಿಕ್ಕಿದ ಪೈಕ್ ಮತ್ತೆ ಅದರ ಹತ್ತಿರ ಸುಳಿಯುವುದು ಅಪರೂಪ. ಜೀವಂತ ಮೀನಿನ ಎರೆಗಾದರೆ ಪುನಃ ಬೀಳುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು 1992ರ ಇನ್ನೊಂದು ಪ್ರಯೋಗ. ರೇನ್‌ಬೋ ಟ್ರೌಟ್ ಎಂಬ ಮೀನುಗಳನ್ನು ಸುಸ್ತಾಗುವವರೆಗೆ ಓಡಾಡಿಸಿ ನೀರಿನಲ್ಲೇ ಬಿಟ್ಟಾಗ 12 ಗಂಟೆಯ ನಂತರ ಶೇ. 88ರಷ್ಟು ಬದುಕಿದ್ದವು. ಸುಸ್ತಾದ ಮೇಲೆ 30 ಸೆಕೆಂಡು ಗಾಳಿಯಲ್ಲಿಟ್ಟಾಗ ಶೇ. 62. ಒಂದು ನಿಮಿಷ ಇಟ್ಟಾಗ ಬರೀ ಶೇ. 28. ನಾನು ಒಂದು ಫೋಟೋ ತೆಗೆಯಲು ಎಷ್ಟು ಹೊತ್ತು ಹಿಡಿದಿರುತ್ತಿದ್ದೆ ಅಂತ ನೆನೆದು ಹೊಟ್ಟೆ ಕಿವುಚಿತು. ಗಾಳಿಗೆ ಬಂದಾಗ ಕಿವಿರಿನ ತೆಳು ಎಸಳುಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ, ಉಸಿರಾಟ ನಿಂತಂತೆಯೇ.

ಈಗ ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಕೊಂಡೇ ಹೊರಡುತ್ತೇನೆ. ಮೈಮೇಲಿನ ಲೋಳೆ ಉಜ್ಜಿಹೋಗದಂತೆ ಕೈ ಒದ್ದೆ ಮಾಡಿಕೊಂಡು, ನೀರಿನೊಳಗೇ ಗಾಳ ಬಿಡಿಸುತ್ತೇನೆ. ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ನೆಟ್ಟಗೆ ಹಿಡಿದು ಕಾಯುವುದು; ಮಗುಚಿಕೊಳ್ಳದೆ ತಾನೇ ನಿಂತು ಬಾಲ ಬೀಸಿದ ಮೇಲೆಯೇ ಕೈ ತೆಗೆಯುವುದು. ಬಿರುಬಿಸಿಲಿನಲ್ಲಿ ಗಾಳ ಹಾಕುವುದಿಲ್ಲ, ಕಾದ ನೀರಿನಲ್ಲಿ ಆಮ್ಲಜನಕವೇ ಕಡಿಮೆ. ಮೊಟ್ಟೆ ಕಾಯುತ್ತಿರುವ ಮೀನಿನ ತಂಟೆಗಂತೂ ಹೋಗಲೇಬಾರದು. ಲಾರ್ಜ್‌ಮೌತ್ ಬಾಸ್ ಎಂಬ ಮೀನಿನಲ್ಲಿ ಕಾವಲಿರುವುದು ಗಂಡು. ಅದನ್ನು ಹಿಡಿದು ಬಿಡುವ ಕೆಲವೇ ನಿಮಿಷಗಳಲ್ಲಿ ಬೇರೆ ಮೀನುಗಳು ಗೂಡಿಗೆ ನುಗ್ಗಿ ಮೊಟ್ಟೆ ತಿಂದುಬಿಡಬಹುದು. ಬಿಟ್ಟ ಮೇಲೆ ಅದು ಗೂಡನ್ನೇ ತೊರೆಯುವುದೂ ಉಂಟು.

ಹುರುಪೆ ಉದುರಿದ ಗೆಂಡೆ ಮೇಯುವ ಮೂಲೆಗೆ ನಾನು ಗಾಳ ಹಾಕುವುದನ್ನು ನಿಲ್ಲಿಸಿ ಮೂರು ತಿಂಗಳಾಯಿತು. ಬರೀ ಉಂಡೆ ಎಸೆದು, ನುಂಗುವ ಮುಂಚೆ ಎಷ್ಟು ಸಲ ಊದುತ್ತದೆ ಅಂತ ಬರೆದಿಡುತ್ತಿದ್ದೇನೆ. ನಿನ್ನೆಯೂ ಒಂದು ಸಲ ಊದಿತು.