ಎತ್ತರದ ಕೆಲಸಕ್ಕೆ ಹಾರ್ನೆಸ್: ತೊಡುವುದು, ಸಿಕ್ಕಿಸುವುದು, ಕಾಪಾಡುವುದು

ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳನ್ನು ಒರೆಸುವವರಿಗೂ, ಪೀಣ್ಯದ ಶೆಡ್‌ಗಳ ಮೇಲೆ ಶೀಟು ಬದಲಿಸುವವರಿಗೂ, ಮೂವತ್ತು-ನಲವತ್ತರ ಸೈಟಿನ ಮನೆಗಳಿಗೆ ಬಣ್ಣ ಬಳಿಯುವವರಿಗೂ ಹಾರ್ನೆಸ್, ಅಂದರೆ ಮೈಗೆ ಕಟ್ಟಿಕೊಳ್ಳುವ ಸುರಕ್ಷತಾ ಪಟ್ಟಿಗಳ ಜೋಡಣೆ, ಬೇಕು. ಆದರೆ ‘ಬೆಲ್ಟ್ ಹಾಕಿಸಿದ್ದೇವೆ’ ಎಂದು ಮೇಸ್ತ್ರಿಗಳು ನಿಶ್ಚಿಂತರಾಗುವಂತಿಲ್ಲ. ಹಾರ್ನೆಸ್ ಬೀಳುವುದನ್ನು ತಪ್ಪಿಸುವುದಿಲ್ಲ. ಬಿದ್ದವರನ್ನು ನೆಲ ತಾಕುವ ಮೊದಲು ಹಿಡಿದು ನಿಲ್ಲಿಸುತ್ತದೆ, ಅದೂ ಹುಕ್ ಗಟ್ಟಿಯಾದ ಆಧಾರಕ್ಕೆ ಸಿಕ್ಕಿದ್ದು, ಕೆಳಗೆ ಸಾಕಷ್ಟು ತೆರಪಿದ್ದರೆ ಮಾತ್ರ. ಸಾರ್ವೆ ಕಟ್ಟಿ ಅಥವಾ ಕಂಬಿ ಹಾಕಿ ಕೆಲಸ ಮುಗಿಸಬಹುದಾದರೆ ಅದೇ ಮೊದಲ ಆಯ್ಕೆಯಾಗಬೇಕು.

ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟನ್ನು ಬೀಳುವಿಕೆ ತಡೆಯಲು ಬಳಸಲೇಬಾರದು, ಏಕೆಂದರೆ ಬಿದ್ದ ರಭಸವೆಲ್ಲ ಹೊಟ್ಟೆ, ಬೆನ್ನುಮೂಳೆಗಳ ಮೇಲೆಯೇ ಎರಗುತ್ತದೆ. ಭುಜ, ಎದೆ, ತೊಡೆಗಳನ್ನು ಹಿಡಿಯುವ ಪೂರ್ಣ ಹಾರ್ನೆಸ್ಸನ್ನೇ ಕೊಳ್ಳಿ, ಪಟ್ಟಿಯಲ್ಲಿ ಐಎಸ್ 3521 (ಇಂಥ ಸಾಧನಗಳ ಭಾರತೀಯ ಮಾನಕ) ಗುರುತು ಮತ್ತು ತಯಾರಾದ ದಿನಾಂಕ ಇದೆಯೇ ಎಂದು ನೋಡಿಕೊಳ್ಳಿ.

ತೊಡುವಾಗ ಬೆನ್ನಿನ ಡಿ-ರಿಂಗನ್ನು (ಹಗ್ಗ ಸಿಕ್ಕಿಸುವ ಲೋಹದ ಬಳೆ) ಹಿಡಿದೆತ್ತಿ ಒಮ್ಮೆ ಕೊಡವಿದರೆ ಸಿಕ್ಕಾದ ಪಟ್ಟಿಗಳು ಬಿಡಿಸಿಕೊಳ್ಳುತ್ತವೆ. ಅನಂತರ ಅಂಗಿಯಂತೆ ಭುಜಕ್ಕೇರಿಸಿ, ತೊಡೆಪಟ್ಟಿಗಳನ್ನು ತಿರುಚಿಕೊಳ್ಳದಂತೆ ಕಟ್ಟಿ, ಎದೆಪಟ್ಟಿಯನ್ನು ಎದೆಯ ನಡುವೆಯೇ ಬಿಗಿಯಿರಿ. ಅದು ಮೇಲಕ್ಕೆ ಸರಿದಿದ್ದರೆ ಬಿದ್ದಾಗ ಕುತ್ತಿಗೆಗೆ ಒತ್ತುತ್ತದೆ. ಡಿ-ರಿಂಗ್ ಎರಡು ಹೆಗಲೆಲುಬುಗಳ ನಡುವೆ ಕೂರಬೇಕು. ತೊಡೆಪಟ್ಟಿಯೊಳಗೆ ಚಪ್ಪಟೆ ಅಂಗೈ ಹೋಗಬೇಕು, ಮುಷ್ಟಿ ಹೋಗಬಾರದು.

ಹೆಚ್ಚಿನವರು ಎಡವುವುದು ಹುಕ್ ಹಾಕಿದ ಜಾಗದಿಂದ ಕೆಳಗೆ ಬೇಕಾದ ತೆರಪಿನ ಲೆಕ್ಕದಲ್ಲಿ. ಲ್ಯಾನ್ಯಾರ್ಡ್ (ಡಿ-ರಿಂಗನ್ನು ಆಧಾರಕ್ಕೆ ಜೋಡಿಸುವ ಹಗ್ಗ) 2 ಮೀಟರ್, ಅದರಲ್ಲಿರುವ ಆಘಾತ ಹೀರುವ ಪೊಟ್ಟಣ ಬಿಚ್ಚಿಕೊಂಡರೆ ಗರಿಷ್ಠ 1.75 ಮೀಟರ್, ಡಿ-ರಿಂಗಿನಿಂದ ಪಾದದವರೆಗೆ ಸುಮಾರು 1.5 ಮೀಟರ್, ಅದರ ಮೇಲೆ 1 ಮೀಟರ್ ಮುನ್ನೆಚ್ಚರಿಕೆ: ಒಟ್ಟು 6.25 ಮೀಟರ್. ಮಹಡಿಗೆ ಹತ್ತು ಅಡಿಯಂತೆ ಹಿಡಿದರೆ, ನೆಲಮಹಡಿ ಮತ್ತು ಮೊದಲ ಮಹಡಿಯಿರುವ ಮನೆಯ ತಾರಸಿ ನೆಲದಿಂದ ಸುಮಾರು 6 ಮೀಟರ್ ಎತ್ತರದಲ್ಲಿರುತ್ತದೆ. ಅಂದರೆ ತಾರಸಿಯ ಮೇಲೆ ನಿಂತು ಕಾಲ ಬುಡದಲ್ಲಿ ಹುಕ್ ಹಾಕಿದವರಿಗೆ ಉದ್ದನೆಯ ಲ್ಯಾನ್ಯಾರ್ಡ್ ಧೈರ್ಯ ಕೊಡಬಹುದೇ ಹೊರತು ರಕ್ಷಣೆಯನ್ನಲ್ಲ. ತಲೆಗಿಂತ ಮೇಲೆ ಸಿಕ್ಕಿಸಿದರೆ ಬೀಳುವ ದೂರ ಬಹಳ ಕಡಿಮೆಯಾಗುತ್ತದೆ. ಅದು ಆಗದ ಕಡೆ ಚಿಕ್ಕ ಲ್ಯಾನ್ಯಾರ್ಡ್ ಬಳಸಿ, ಅಂಚಿನವರೆಗೆ ಹೋಗಲಾಗದಂತೆ ಉದ್ದವನ್ನು ಮಿತಿಗೊಳಿಸಿ.

ಒಬ್ಬರಿಗಾಗಿ ಬಳಸುವ ಆಧಾರ ಎರಡು ಟನ್ನಿಗೂ ಮಿಕ್ಕ ಭಾರ ತಡೆಯಬೇಕೆಂಬುದು ಅಮೆರಿಕದ ನಿಯಮ; ನಮ್ಮಲ್ಲಿಯೂ ಅಷ್ಟನ್ನೇ ಅಪೇಕ್ಷಿಸುವುದು ಒಳ್ಳೆಯದು. ಕಾಂಕ್ರೀಟ್ ಕಂಬ ಅಥವಾ ಉಕ್ಕಿನ ತೊಲೆ ಆಗಬಹುದು. ಕಿಟಕಿ ಗ್ರಿಲ್, ನೀರಿನ ಪೈಪು, ಡಿಶ್ ಆಂಟೆನಾದ ಕಂಬ, ಇಟ್ಟಿಗೆಯ ಪ್ಯಾರಪೆಟ್ ಆಗವು. ಆಧಾರ ಪಕ್ಕಕ್ಕಿದ್ದರೆ ಬಿದ್ದವರು ತೂಗಿ ಗೋಡೆಗೆ ಅಪ್ಪಳಿಸುತ್ತಾರೆ. ಸಾಗುತ್ತಾ ಕೆಲಸ ಮಾಡುವವರಿಗೆ ಎರಡು ಹುಕ್‌ಗಳ ಲ್ಯಾನ್ಯಾರ್ಡ್ ಕೊಡಿ. ಒಂದನ್ನು ಸಿಕ್ಕಿಸಿದ ಮೇಲೆಯೇ ಇನ್ನೊಂದನ್ನು ತೆಗೆಯಬೇಕು.

ಹಾರ್ನೆಸ್ಸಿನಲ್ಲಿ ಅಲುಗಾಡದೆ ನೇತಾಡುತ್ತಿದ್ದರೆ ಕಾಲುಗಳಲ್ಲಿ ರಕ್ತ ನಿಂತು ಪ್ರಜ್ಞೆ ತಪ್ಪಬಹುದು, ಆದ್ದರಿಂದ ನಿಮಿಷಗಳೇ ಮುಖ್ಯ. 108ರ ಆಂಬುಲೆನ್ಸ್ ಬರುವುದು ನೆಲಕ್ಕೆ, ನಾಲ್ಕನೆಯ ಮಹಡಿಗಲ್ಲ. ಕೆಳಗಿಳಿಸುವವರು ಯಾರು, ಯಾವ ಹಗ್ಗ ಅಥವಾ ಏಣಿಯಿಂದ ಎಂಬುದು ಕೆಲಸ ಆರಂಭವಾಗುವ ಮೊದಲೇ ತೀರ್ಮಾನವಾಗಿರಬೇಕು, ಒಬ್ಬರನ್ನೇ ಎತ್ತರಕ್ಕೆ ಕಳುಹಿಸಲೂಬಾರದು.

ಪ್ರತಿ ಬಳಕೆಗೂ ಮೊದಲು ಪಟ್ಟಿಯನ್ನು ಗೇಣುಗೇಣಾಗಿ ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ, ಉಬ್ಬಿದ ಹೊರಭಾಗವನ್ನು ಬೆಳಕಿಗೆ ಹಿಡಿಯಿರಿ. ಕತ್ತರಿಸಿದ ಎಳೆಗಳು ಅಲ್ಲಿ ನವಿರಾದ ಕೂದಲಿನಂತೆ ಎದ್ದು ಕಾಣುತ್ತವೆ. ಬೆರಳಿಗೆ ಗಡುಸಾಗಿ, ಹೊಳಪಾಗಿ ಸಿಗುವ ಕಲೆ ವೆಲ್ಡಿಂಗ್ ಕಿಡಿ ತಾಗಿ ಕರಗಿದ ಜಾಗ. ಹೊಲಿಗೆ ಬಿಚ್ಚಿದ್ದರೆ, ಬಣ್ಣ ಬಿಸಿಲಿಗೆ ಮಾಸಿದ್ದರೆ, ಹುಕ್ಕಿನ ಬಾಯಿ ತಾನಾಗಿ ಮುಚ್ಚಿ ಲಾಕ್ ಆಗದಿದ್ದರೆ, ಆಘಾತ ಪೊಟ್ಟಣ ಸ್ವಲ್ಪವೇ ಬಿಚ್ಚಿದ್ದರೂ ಅದನ್ನು ಪಕ್ಕಕ್ಕಿಡಿ. ಇದಲ್ಲದೆ ತರಬೇತಿ ಪಡೆದವರೊಬ್ಬರು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿ ದಾಖಲೆ ಬರೆಯಬೇಕು.

ತೊಳೆಯಲು ಉಗುರುಬೆಚ್ಚಗಿನ ನೀರು, ಮೃದುವಾದ ಸೋಪು ಸಾಕು. ಬ್ಲೀಚ್, ಥಿನ್ನರ್ ಬೇಡ. ಪಟ್ಟಿಯ ಮೇಲೆ ಮಾರ್ಕರ್‌ನಿಂದ ಹೆಸರು ಬರೆಯುವುದೂ ಬೇಡ, ಅದರ ದ್ರಾವಕ ಎಳೆಗಳನ್ನು ಹಾಳುಮಾಡಬಲ್ಲದು. ಬೋರ್‌ವೆಲ್ ನೀರಿನ ಕಲೆ ತೆಗೆಯಲು ಆಸಿಡ್ ಬಳಸುವವರು ವಿಶೇಷವಾಗಿ ಎಚ್ಚರದಿಂದಿರಬೇಕು: ನೈಲಾನ್ ಪಟ್ಟಿ ಆಸಿಡ್ಡಿಗೆ ಬೇಗ ಸೋಲುತ್ತದೆ, ಕಣ್ಣಿಗೆ ಕಾಣುವಂತೆಯೇ ಸೋಲಬೇಕೆಂದಿಲ್ಲ. ಮಳೆಗಾಲದಲ್ಲಿ ಒದ್ದೆಯಾದದ್ದನ್ನು ನೆರಳಲ್ಲಿ, ಗಾಳಿಯಾಡುವೆಡೆ ತೂಗುಹಾಕಿ ಒಣಗಿಸಿ. ಪೆಟ್ರೋಲ್, ಆಯಿಲ್ ಮೆತ್ತುವ ಬೈಕಿನ ಡಿಕ್ಕಿಯಲ್ಲಿ ತುರುಕಬೇಡಿ.

ಒಮ್ಮೆ ಬೀಳುವಿಕೆ ತಡೆದ ಹಾರ್ನೆಸ್ ಮತ್ತು ಲ್ಯಾನ್ಯಾರ್ಡ್, ಹೊರನೋಟಕ್ಕೆ ಚೆನ್ನಾಗಿದ್ದರೂ, ಮತ್ತೆ ಬಳಕೆಗೆ ಬರಬಾರದು. ಹಾಗೆಯೇ ಎಸೆದರೆ ಗುಜರಿಯ ದಾರಿಯಾಗಿ ಇನ್ನೊಬ್ಬರ ಮೈಮೇಲೆ ಏರುವ ಸಾಧ್ಯತೆಯಿದೆ. ಪಟ್ಟಿಗಳನ್ನು ಕತ್ತರಿಸಿ ತುಂಡು ಮಾಡಿ, ಅದರ ಕ್ರಮಸಂಖ್ಯೆಯನ್ನು ದಾಖಲೆಯಿಂದ ಹೊಡೆದುಹಾಕಿದ ನಂತರವೇ ಹೊರಗೆ ಹಾಕಿ.